ತಾನಾಗಿ ಬೆಳೆಯುವ ಕಾಡೂ ನೆಲದೊಳಗಿನ ಪ್ರಾಣಿಗಳೂ

(ಕೃಷಿ ಇನ್ಸ್‌ಪೆಕ್ಟರೊಬ್ಬರು ಬರೆದುದು)

ಮಲೆನಾಡಿನ ಅಡಿಕೆ ತೋಟಗಳ ಕ್ಷೇಮವು ಸೊಪ್ಪಿನಬೆಟ್ಟಗಳನ್ನು ಅವಲಂಬಿಸಿರುವುದೆಂಬುದು ವಾಚಕರಿಗೆ ತಿಳಿದ ವಿಷಯವೇ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿರುವುದು ಇದೇ ಕಾರಣದಿಂದ. ಮರಗಳ ಹಸಿ ಸೊಪ್ಪನ್ನು ಸವರಿ, ಬೇಸಗೆಯಲ್ಲಿ ದರಕನ್ನು ಗುಡಿಸಿ, ಕೊಟ್ಟಿಗೆಗೂ ತೋಟಕ್ಕೂ ಸಾಗಿಸುವುದು ವಾಡಿಕೆ. ಹೀಗೆ ವರ್ಷೇ ವರ್ಷೇ ತೆಗೆಯುತ್ತ ಬಂದುದರಿಂದ ಎಷ್ಟೋ ಬೆಟ್ಟಗಳು ಬೋಳಾಗಿ, ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ, ಕೆಳಗಿನ ಜಂಬಿಟ್ಟಿಗೆ ಕಲ್ಲು ಹೊರಬಿದ್ದಿದೆ. ಅಂತಹ ಬೆಟ್ಟದಲ್ಲಿ ಒಂದು ಭಾಗವನ್ನು ಕೆಲವು ವರ್ಷ ಮುಟ್ಟದೆ ಬಿಡಬೇಕೆಂದು ಹೇಳಿದಾಗ, ತೋಟಗಾರರೊಬ್ಬರು ನನ್ನನ್ನು ಹೀಗೆ ಕೇಳಿದರು: "ಸ್ವಾಮೀ, ಬಿಟ್ಟರೆ ಮರವೇನೋ ಬಂದೀತು, ಸತ್ತ ಮಣ್ಣಿಗೆ ಜೀವ ಬಂದೀತೇ?" ಈ ಪ್ರಶ್ನೆಯು ಬಹಳ ಯುಕ್ತವಾದುದು. ಅದಕ್ಕೆ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸಿದೆ.

ನೆಲದೊಳಗಿನ ಕೆಲಸಗಾರರು

ಎಲೆಯು ಉದುರಿದ ಮಾತ್ರಕ್ಕೆ ಗೊಬ್ಬರವಾಗುವುದಿಲ್ಲ. ಸಹಸ್ರಪದಿ, ಗೆದ್ದಲು ಮೊದಲಾದುವು ಅದನ್ನು ಕತ್ತರಿಸುವುವು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳೂ, ಮುಟ್ಟಿದರೆ ಚಿಮ್ಮುವ ಸಣ್ಣ ಬಿಳಿಯ ಕೀಟಗಳೂ ಎಲೆಯ ಮೇಲಿನ ಬೂಷ್ಟನ್ನು ಮೇಯುವುವು. ಎರೆಹುಳುಗಳು ಅಳಿದುಳಿದುದನ್ನು ಮಣ್ಣಿನೊಡನೆ ಬೆರೆಸುವುವು. ಚಾರ್ಲ್ಸ್ ಡಾರ್ವಿನ್ನನು 1881ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚಾದ ಮಣ್ಣು ಎರೆಹುಳುಗಳ ದೇಹದ ಮೂಲಕ ಹಾದು ಮೇಲಕ್ಕೆ ಬರುವುದೆಂದು ಲೆಕ್ಕಮಾಡಿದನು. ಈ ಪ್ರಾಣಿಗಳು ಕೊರೆದ ರಂಧ್ರಗಳ ಮೂಲಕವೇ ಮಳೆಯ ನೀರು ಕೆಳಕ್ಕೆ ಇಳಿಯುವುದು. ಆದಕಾರಣ ಬೆಟ್ಟದ ಮಣ್ಣಿನಲ್ಲಿ ಇವು ಇಲ್ಲವಾದರೆ, ಕೆಳಗಿನ ತೋಟದ ಒರತೆಗೂ ಕೊರತೆಯೇ.

ಇವೆಲ್ಲವೂ ರೈತನ ಮಿತ್ರರೆಂದು ಹೇಳಲಾಗದು. ಅಡಿಕೆಯ ಬೇರನ್ನು ತಿನ್ನುವ ಬೇರುಹುಳುವೂ ಮಣ್ಣಿನಲ್ಲಿಯೇ ವಾಸಿಸುವುದು.

ಮರಗಳು ಬಂದಂತೆ ಬರುವ ಪ್ರಾಣಿಗಳು

ಕಡಿತವೂ ಬೆಂಕಿಯೂ ನಿಂತ ಬೆಟ್ಟದಲ್ಲಿ ಮತ್ತಿ, ಕಿಂದಳ, ಹೊನ್ನೆ ಮುಂತಾದುವುಗಳ ಹಳೆಯ ಬುಡಗಳು ಚಿಗುರುವುವು. ಹಕ್ಕಿಗಳು ತಂದ ಬೀಜಗಳು ಮೊಳೆಯುವುವು. ಮೊದಲು ಆಗುವ ಲಾಭವು ನೆರಳು. ನೆರಳಿನಿಂದ ನೆಲದ ಕಾವು ತಗ್ಗಿ ತೇವವು ನಿಲ್ಲುವುದು. ಎರಡನೆಯದು ದರಕಿನ ಹೊದಿಕೆ. ಇದು ಪ್ರಾಣಿಗಳಿಗೆ ಅನ್ನವೂ ಹೌದು, ಮನೆಯೂ ಹೌದು.

ಬೇಗನೆ ಹೆಚ್ಚತಕ್ಕ ನುಸಿಗಳೂ ಸಣ್ಣ ಕೀಟಗಳೂ ಮುಂದಾಗಿ ಸೇರುವುವು. ಇರುವೆ, ಗೆದ್ದಲುಗಳಿಗೆ ಮಳೆಗಾಲದ ಆರಂಭದಲ್ಲಿ ರೆಕ್ಕೆ ಬರುವುದರಿಂದ ದೂರದಿಂದಲೂ ಹಾರಿಬರಬಲ್ಲುವು. ಸಹಸ್ರಪದಿಯು ನಡೆದೇ ಬರಬೇಕು. ಎರೆಹುಳುವಿನ ಪ್ರಯಾಣವಂತೂ ಅತಿ ನಿಧಾನ. ಅದರ ಸಂತತಿಯು ತಾನಾಗಿ ಹರಡುವುದು ವರ್ಷಕ್ಕೆ ಕೆಲವೇ ಮಾರುಗಳಷ್ಟು. ಹೀಗಿರಲು, ಹತ್ತಿರದಲ್ಲಿ ಹಳೆಯ ಕಾನೋ ದೇವರಕಾಡೋ ಇದ್ದ ಕಡೆ ಮಣ್ಣು ಬೇಗ ಚೇತರಿಸುವುದೆಂದೂ, ಇಲ್ಲದ ಕಡೆ ಮರಗಳು ಎದ್ದು ನಿಂತರೂ ನೆಲವು ಬಹುಕಾಲ ಬಡವಾಗಿಯೇ ಇರುವುದೆಂದೂ ತಿಳಿಯತಕ್ಕದ್ದು.

ಎಣಿಕೆಯೊಂದೇ ಸಾಲದು

ಇಲ್ಲಿ ಒಂದು ಎಚ್ಚರಿಕೆ. ಎರೆಹುಳುಗಳು ಹೆಚ್ಚಾಗಿದ್ದರೆ ಮಣ್ಣು ಉತ್ತಮವೆಂದು ಸಾಮಾನ್ಯವಾಗಿ ನಂಬುವರು. ಪೋರ್ಟೊರಿಕೊ ದ್ವೀಪದಲ್ಲಿ 1940ರ ದಶಕದ ತರುವಾಯ ಬೇಸಾಯವು ಕುಗ್ಗಿ, ಬಿಟ್ಟ ಜಮೀನುಗಳಲ್ಲಿ ಯಾರೂ ನೆಡದೆಯೇ ಕಾಡು ಬೆಳೆಯಿತು. ಅಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹುಲ್ಲುಗಾವಲಿನಲ್ಲಿ ಎರೆಹುಳುಗಳು ಅತ್ಯಧಿಕವಾಗಿದ್ದು, ಕಾಡು ಹಳೆಯದಾದಂತೆಲ್ಲಾ ಅವುಗಳ ಸಂಖ್ಯೆಯು ಇಳಿದುದು ಕಂಡುಬಂದಿತು. ಇದು ನಷ್ಟವಲ್ಲ. ಹುಲ್ಲುಗಾವಲನ್ನು ತುಂಬಿದ್ದುದು ಹೆಚ್ಚಾಗಿ ಒಂದೇ ಜಾತಿ, ಹೊರಗಿನಿಂದ ಬಂದ ಪೊಂಟೋಸ್ಕೋಲೆಕ್ಸ್ ಎಂಬ ಮಣ್ಣುತಿನ್ನುವ ಹುಳು. ಬೆಳೆದ ಕಾಡಿನಲ್ಲಿ ಆ ನಾಡಿನ ಸ್ವಂತ ಜಾತಿಗಳು ಪುನಃ ಕಾಣಿಸಿಕೊಂಡುವು.

ದಕ್ಷಿಣ ಅಮೆರಿಕವು ಮೂಲವಾದ ಈ ಹುಳುವು ಗಿಡಗಳ ಬೇರುಮಣ್ಣಿನೊಡನೆ ಉಷ್ಣವಲಯದ ದೇಶಗಳಲ್ಲೆಲ್ಲಾ ಹರಡಿ, ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ನೆಲೆಸಿದೆ. ಬ್ರೆಜಿಲ್ ದೇಶದ ಮನೌಸ್ ಪಟ್ಟಣದ ಬಳಿಯಲ್ಲಿ ಕಾಡನ್ನು ಕಡಿದು ಹುಲ್ಲುಗಾವಲು ಮಾಡಿದಾಗ, ಉಳಿದ ಪ್ರಾಣಿಗಳು ಅಳಿದು ಇದೊಂದೇ ಹೆಚ್ಚಿತು. ಇದರ ಹಿಕ್ಕೆಯು ಹೆಕ್ಟೇರಿಗೆ ವರ್ಷಕ್ಕೆ 100 ಟನ್ನಿಗೂ ಮೀರಿ, ಅದನ್ನು ಒಡೆದು ಸಡಿಲಿಸುವ ಇತರ ಪ್ರಾಣಿಗಳಿಲ್ಲದೆ, ಮೇಲ್ಮಣ್ಣು ಗಾರೆಯಂತೆ ಬಿಗಿದು ನೀರು ಇಳಿಯದಾಯಿತೆಂದು 1999ರಲ್ಲಿ ವರದಿಯಾಯಿತು.

ಮನೌಸಿನ ಪ್ರಯೋಗ

ಅನಂತರ ಅಲ್ಲಿಯೇ ಒಂದು ಸರಳವಾದ ಪ್ರಯೋಗ ನಡೆಯಿತು. ಹುಲ್ಲುಗಾವಲಿನ ಬಿಗಿದ ಮಣ್ಣನ್ನು 25 ಸೆಂಟಿಮೀಟರು ಚಚ್ಚೌಕದ ಗಟ್ಟಿಗಳಾಗಿ ಕಿತ್ತು ಕಾಡಿನಲ್ಲಿಯೂ, ಕಾಡಿನ ಮಣ್ಣನ್ನು ಹಾಗೆಯೇ ಕಿತ್ತು ಹುಲ್ಲುಗಾವಲಿನಲ್ಲಿಯೂ ಹೂಳಿದರು. ಒಂದು ವರ್ಷದ ಮೇಲೆ ತೆಗೆದು ನೋಡಲು, ಕಾಡಿನಲ್ಲಿಟ್ಟ ಬಿಗಿಮಣ್ಣನ್ನು ಅಲ್ಲಿಯ ನಾನಾ ಪ್ರಾಣಿಗಳು ಕೊರೆದು ಕಾಡಿನ ಮಣ್ಣಿನಂತೆಯೇ ಸಡಿಲಗೊಳಿಸಿದ್ದುವು. ಹುಲ್ಲುಗಾವಲಿಗೆ ಹೋದ ಒಳ್ಳೆಯ ಮಣ್ಣು ಬಿಗಿದುಹೋಗಿತ್ತು. 2001ರಲ್ಲಿ ಪ್ರಕಟವಾದ ಈ ಫಲಿತಾಂಶವೇ ನಮ್ಮ ತೋಟಗಾರರ ಪ್ರಶ್ನೆಗೆ ಉತ್ತರ. ಮಣ್ಣು ಸತ್ತಿರುವುದಿಲ್ಲ, ಅದನ್ನು ನಡೆಸುವ ನಾನಾ ವಿಧದ ಕೆಲಸಗಾರರು ಬಿಟ್ಟುಹೋಗಿರುವರು. ಅವರು ಹತ್ತಿರದಲ್ಲಿದ್ದು, ಬರಲು ನಾವು ಅವಕಾಶ ಕೊಟ್ಟರೆ, ಮಣ್ಣು ಚೇತರಿಸಿಕೊಳ್ಳಬಲ್ಲುದು.

ರೈತರು ಮಾಡಬೇಕಾದುದು

1. ಬೆಟ್ಟವನ್ನೆಲ್ಲಾ ಒಂದೇ ಸಲ ಬಿಡಬೇಕಾಗಿಲ್ಲ. ಹಳೆಯ ಕಾಡಿಗೆ ತಗುಲಿರುವ ಭಾಗವನ್ನು ಮೊದಲು ಬಿಡಿರಿ. ಅದು ತುಂಬಿದ ಮೇಲೆ ಅದಕ್ಕೆ ಹೊಂದಿದ ಮುಂದಿನ ಭಾಗವನ್ನು ಬಿಡಿರಿ.

2. ಬಿಟ್ಟ ಭಾಗದಲ್ಲಿ ದರಕನ್ನು ಗುಡಿಸಲೇ ಕೂಡದು. ಬೆಂಕಿ ಬೀಳದಂತೆ ಸುತ್ತಲೂ ಬೇಸಗೆಗೆ ಮೊದಲೇ ಬೆಂಕಿದಾರಿ ಸವರಬೇಕು. ಉಳಿದ ಭಾಗದಲ್ಲಿಯೂ ನೆಲ ಕಾಣುವಂತೆ ಗುಡಿಸದೆ ಅರ್ಧದಷ್ಟನ್ನಾದರೂ ಉಳಿಸಿರಿ.

3. ಸೊಪ್ಪಿನ ಕೊರತೆಯನ್ನು ಬೇಲಿಯ ಗ್ಲಿರಿಸಿಡಿಯದಿಂದಲೂ, ಅಡಿಕೆಯ ಸಿಪ್ಪೆ, ಹಾಳೆ, ಸೋಗೆಗಳ ಕಾಂಪೋಸ್ಟಿನಿಂದಲೂ ತುಂಬಿಕೊಳ್ಳಬಹುದು.

4. ಎರೆಗೊಬ್ಬರದ ತೊಟ್ಟಿಯ ಹುಳುಗಳನ್ನು ತಂದು ಬೋಳು ಬೆಟ್ಟದಲ್ಲಿ ಬಿಡುವುದು ವ್ಯರ್ಥ. ಅವು ಕೊಳೆತ ಗೊಬ್ಬರದ ರಾಶಿಯಲ್ಲಿ ಬಾಳತಕ್ಕವು, ಬಡಮಣ್ಣಿನಲ್ಲಿ ಉಳಿಯಲಾರವು.

5. ಪ್ರತಿ ವರ್ಷವೂ ಮಳೆಗಾಲದ ಕೊನೆಯಲ್ಲಿ, ಬೆಳಗಿನ ತಂಪಿನಲ್ಲಿ, ಹಳೆಯ ಕಾಡು, ಬಿಟ್ಟ ಬೆಟ್ಟ, ಗುಡಿಸುವ ಬೆಟ್ಟ ಈ ಮೂರು ಕಡೆಗಳಲ್ಲಿಯೂ ಒಂದು ಅಡಿ ಚಚ್ಚೌಕ, ಒಂದು ಅಡಿ ಆಳದ ಗುಳಿಯನ್ನು ತೋಡಿ, ಮಣ್ಣನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ, ಪ್ರಾಣಿಗಳನ್ನು ಕೈಯಿಂದ ಆರಿಸಿ ನೋಡಿರಿ. ಎಷ್ಟು ಎಂಬುದರ ಜೊತೆಗೆ ಎಷ್ಟು ಬಗೆ ಎಂಬುದನ್ನೂ ಬರೆದಿಡಿರಿ. ಬಳಿಕ ಮಣ್ಣನ್ನೂ ಪ್ರಾಣಿಗಳನ್ನೂ ಗುಳಿಗೇ ಮರಳಿಸಿರಿ.

ಬಿಟ್ಟ ಬೆಟ್ಟದ ಲೆಕ್ಕವು ಗುಡಿಸುವ ಬೆಟ್ಟದ ಲೆಕ್ಕವನ್ನು ಬಿಟ್ಟು ಹಳೆಯ ಕಾಡಿನ ಲೆಕ್ಕದ ಕಡೆಗೆ ವರ್ಷದಿಂದ ವರ್ಷಕ್ಕೆ ಸರಿಯುತ್ತಿದ್ದರೆ ಕೆಲಸವು ಸರಿಯಾಗಿ ನಡೆದಿದೆಯೆಂದು ತಿಳಿಯಬಹುದು. ಮರ ಬೆಳೆದುದನ್ನು ದಾರಿಯಲ್ಲಿ ಹೋಗುವವರೂ ಕಾಣುವರು; ಮಣ್ಣು ಬೆಳೆದುದನ್ನು ತೋಡಿ ನೋಡಿದವನೇ ಕಾಣಬೇಕು.