ಗೊಬ್ಬರದ ಅಟ್ಟಕ್ಕೆ ಯಾವ ಬೋರ್ಡ್? ಪ್ಲೈ, ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳ ತಾಕತ್ತು

"ಅಣ್ಣ, ಪೇಟೇಲಿ ಎಂಡಿಎಫ್ ಶೀಟು ಪ್ಲೈಗಿಂತ ಅಗ್ಗಕ್ಕೆ ಸಿಗ್ತಿದೆ. ಗೊಬ್ಬರ ಇಡೋ ಅಟ್ಟಕ್ಕೆ ಹಾಕ್ಬಹುದಾ?" ಅಂತ ಒಬ್ಬ ಗೆಳೆಯ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ್ದ. ಬೇಡ ಅಂದೆ. ಯಾಕೆ ಬೇಡ ಅನ್ನೋದು ಈ ವಾರದ ಪಾಠ.

ಮೊದಲು ಭಾರದ ಲೆಕ್ಕ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50 ಕೆ.ಜಿ. ಹತ್ತು ಚೀಲ ಏರಿಸಿದರೆ ಅರ್ಧ ಟನ್ ಹತ್ತಿರ ಆಯ್ತು. ಆ ಅಟ್ಟದ ಕೆಳಗೇ ಹಸು ಕಟ್ಟುವವರಿದ್ದಾರೆ, ಮಕ್ಕಳು ಆಡ್ತಿರ್ತಾರೆ. (ನನ್ನ ಕೇಳಿದ್ರೆ ನೆಲದ ಮೇಲೆ ಹಲಗೆ ಹಾಕಿ ಚೀಲ ಇಡೋದೇ ವಾಸಿ. ಜಾಗ ಇಲ್ಲದವರಿಗೆ ಅಟ್ಟವೇ ಗತಿ.)

ಪ್ಲೈ ಅಂದ್ರೆ ಮರವನ್ನು ತೆಳ್ಳಗೆ ಸುಲಿದು, ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಬರುವಂತೆ ಅಂಟಿಸಿದ್ದು. ನಮ್ಮಲ್ಲಿ ಬೆಳೆಯುವ ಹೆಬ್ಬೇವು, ಸಿಲ್ವರ್ ಓಕ್ ಹೋಗೋದೂ ಈ ಕಾರ್ಖಾನೆಗಳಿಗೇ. ಮರದ ಉದ್ದನೆಯ ಎಳೆ ಹಾಗೇ ಉಳಿದಿರೋದ್ರಿಂದ ಅದಕ್ಕೆ ಬಲ. ಪಾರ್ಟಿಕಲ್ ಬೋರ್ಡ್ ಅಂದ್ರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ್ದು. ಎಂಡಿಎಫ್‌ನಲ್ಲಿ ಮರವನ್ನು ನಾರಿನಷ್ಟು ನುಣ್ಣಗೆ ಮಾಡಿ ಒತ್ತಿರ್ತಾರೆ. ನೋಡೋಕೆ ನಯ, 18 ಎಂಎಂನ 8×4 ಶೀಟು 40 ಕೆ.ಜಿ. ಹತ್ತಿರ ತೂಗುತ್ತೆ. ಕೈಗೆ ಭಾರ ಅಂತ ಗಟ್ಟಿ ಅಂದ್ಕೋಬೇಡಿ. ಒಂದೇ ದಪ್ಪದ ಒಳ್ಳೆ ಪ್ಲೈಗೆ ಹೋಲಿಸಿದರೆ ಈ ಎರಡೂ ಸುಮಾರು ಎರಡು-ಮೂರು ಪಟ್ಟು ಹೆಚ್ಚು ಬಗ್ಗುತ್ತವೆ. ಭಾರ ತಿಂಗಳುಗಟ್ಟಲೆ ಕೂತರೆ ಆ ಬಗ್ಗು ಇನ್ನೂ ಬೆಳೆಯುತ್ತೆ, ಚೀಲ ಇಳಿಸಿದರೂ ಪೂರ್ತಿ ನೆಟ್ಟಗಾಗಲ್ಲ. ಪಾರ್ಟಿಕಲ್ ಬೋರ್ಡಿನ ಅಂಚಿಗೆ ಹಾಕಿದ ಸ್ಕ್ರೂ ಕೂಡ ಬೇಗ ಕಿತ್ತು ಬರುತ್ತೆ. ಬ್ಲಾಕ್ ಬೋರ್ಡ್ ಹಗುರ, ಒಳಗಿನ ಪಟ್ಟಿ ಓಡುವ ದಿಕ್ಕಿನಲ್ಲಿ ಗಟ್ಟಿ, ಅಡ್ಡಕ್ಕೆ ಅಷ್ಟಿಲ್ಲ. ಬಾಗಿಲಿಗೆ ಸರಿ.

ಆದರೆ ಬೋರ್ಡಿನ ಹೆಸರಿಗಿಂತ ಹೆಚ್ಚು ಕೆಲಸ ಮಾಡೋದು ಎರಡು ಅಳತೆ: ದಪ್ಪ ಮತ್ತು ಆಧಾರಗಳ ನಡುವಿನ ಅಂತರ. 12 ಎಂಎಂ ಬದಲು 18 ಎಂಎಂ ಹಾಕಿದ್ರೆ ದಪ್ಪ ಒಂದೂವರೆ ಪಟ್ಟು, ಬಿಗಿ ಮಾತ್ರ 1.5×1.5×1.5, ಅಂದರೆ ಸುಮಾರು 3.4 ಪಟ್ಟು. ಅಂತರಕ್ಕೂ ಹೀಗೇ. 3 ಅಡಿಗೊಂದು ಆಂಗಲ್ ಇರೋ ಕಡೆ ಒಂದೂವರೆ ಅಡಿಗೊಂದು ಕೊಟ್ಟರೆ, ನಡುವೆ ಇಟ್ಟ ಅದೇ ಚೀಲಕ್ಕೆ ಬೋರ್ಡ್ ಬಗ್ಗೋದು ಎಂಟನೇ ಒಂದು ಪಾಲು ಮಾತ್ರ. ಬೋರ್ಡಿಗೆ ಸುರಿಯೋ ದುಡ್ಡಲ್ಲಿ ಎರಡು ಆಂಗಲ್ ಜಾಸ್ತಿ ಹಾಕಿಸಿ ಅಂತ ನಾನು ಹೇಳೋದು ಇದಕ್ಕೇ. ಚೀಲಗಳ ಅಟ್ಟಕ್ಕೆ ನನ್ನ ಸಲಹೆ 18 ಎಂಎಂ ಪ್ಲೈ, ಒಂದೂವರೆ ಅಡಿಗೊಂದು ಆಧಾರ, ಮೂರು ಚೀಲಕ್ಕಿಂತ ಎತ್ತರ ಪೇರಿಸಬಾರದು. ಆಂಗಲ್, ಗೋಡೆ ಆ ಭಾರ ಹೊರುತ್ತವಾ ಅನ್ನೋದನ್ನ ಒಟ್ಟು ತೂಕ ಹೇಳಿಯೇ ವೆಲ್ಡರ್ ಮತ್ತು ಮೇಸ್ತ್ರಿ ಹತ್ರ ಕೇಳಿ. ಬಡಗಿಗೂ ಒಂದು ಮಾತು ಹೇಳಿ: ಪ್ಲೈನ ಮೇಲ್ಪದರದ ಎಳೆ ಒಂದು ಆಧಾರದಿಂದ ಇನ್ನೊಂದು ಆಧಾರಕ್ಕೆ ಓಡಬೇಕು, ಆಧಾರದ ಉದ್ದಕ್ಕಲ್ಲ. ಶೀಟು ಉಳಿಸೋಕೆ ಅಂತ ಅಡ್ಡ ಕೊಯ್ದರೆ ಬಲ ಹೋಯ್ತು.

ಇನ್ನು ಅಂಟು. ಅಗ್ಗದ ಬೋರ್ಡಿನ ಅಂಟು ಯೂರಿಯಾದಿಂದಲೇ ಮಾಡಿದ್ದು. ರೈತರ ಸಬ್ಸಿಡಿ ಯೂರಿಯಾ ಇಂಥ ಕಾರ್ಖಾನೆಗಳಿಗೆ ಸೋರಿ ಹೋಗ್ತಿತ್ತು. 2015ರಲ್ಲಿ ಎಲ್ಲ ಯೂರಿಯಾಗೂ ಬೇವಿನ ಲೇಪ ಕಡ್ಡಾಯ ಮಾಡಿದ್ದಕ್ಕೆ ಅದೂ ಒಂದು ಕಾರಣ. ಈ ಅಂಟಿಗೆ ತೇವ ಆಗಲ್ಲ. ಗೊಬ್ಬರವೋ ಗಾಳಿಯ ತೇವ ಎಳೆಯುವ ವಸ್ತು, ಮಳೆಗಾಲದಲ್ಲಿ ಚೀಲದ ಅಡಿ ಒದ್ದೆ ಆಗೋದು ನೀವೂ ನೋಡಿರ್ತೀರಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಊದಿದರೆ ಮತ್ತೆ ಮೊದಲಿನಂತಾಗಲ್ಲ. ಮರೈನ್ ಪ್ಲೈನಲ್ಲಿ ಇರೋದು ಫೀನಾಲ್ ಅಂಟು. ಅದರ ಮಾನದಂಡ ಐಎಸ್ 710ರ ಪ್ರಕಾರ, ಪ್ಲೈ ತುಂಡನ್ನು 72 ಗಂಟೆ ನೀರಲ್ಲಿ ಕುದಿಸಿದರೂ ಪದರ ಬಿಡಬಾರದು. ಅಂಗಡಿಯವರು 'ಕಮರ್ಷಿಯಲ್' ಅಂತ ಕೊಡೋ ಎಂಆರ್ ದರ್ಜೆ ಪ್ಲೈ ಒಣಗಿದ ಕೋಣೆಗಷ್ಟೇ. ಯಾವ ಪ್ಲೈ ಆದರೂ ಗೆದ್ದಲಿನ ಮೇಲೆ ಕಣ್ಣಿಟ್ಟಿರಿ.

ನಂಬಿಕೆ ಬರದಿದ್ರೆ ನೀವೇ ನೋಡಿ. ಅಂಗಡಿಯಲ್ಲಿ 18 ಎಂಎಂನ ಮೂರೂ ಬೋರ್ಡಿನ ತುಂಡು ಕೇಳಿ, 2 ಇಂಚು ಅಗಲ, 2 ಅಡಿ ಉದ್ದಕ್ಕೆ ಕೊಯ್ಯಿಸಿ. ಪ್ಲೈ ಪಟ್ಟಿಯಲ್ಲಿ ಮೇಲಿನ ಎಳೆ ಉದ್ದಕ್ಕಿರಲಿ. ಒಂದೂವರೆ ಅಡಿ ದೂರದ ಎರಡು ಸ್ಟೂಲ್ ಮೇಲೆ ಪಟ್ಟಿ ಇಟ್ಟು, ನಡುವೆ ಹಗ್ಗದಲ್ಲಿ 20 ಲೀಟರ್ ನೀರಿನ ಕ್ಯಾನ್ ತೂಗುಹಾಕಿ. ಕ್ಯಾನ್ ನೆಲದಿಂದ ಒಂದೆರಡು ಇಂಚು ಮೇಲಿದ್ದರೆ ಸಾಕು, ಪಟ್ಟಿ ಮುರಿದರೂ ಅಪಾಯ ಇಲ್ಲ. ಹಿಂದೆ ಸ್ಕೇಲ್ ನಿಲ್ಲಿಸಿ ಒಂದೇ ಜಾಗದಿಂದ ಫೋಟೋ ತೆಗೀರಿ, ರಾತ್ರಿ ಬಿಟ್ಟು ಬೆಳಿಗ್ಗೆ ಇನ್ನೊಂದು. ಆಮೇಲೆ ಮೂರೂ ಪಟ್ಟಿ ಒಂದು ದಿನ ನೀರಲ್ಲಿ ನೆನೆಸಿ ಅದನ್ನೇ ಮಾಡಿ. ಫೋಟೋ ಪಕ್ಕಪಕ್ಕ ಇಟ್ಟರೆ ಯಾವುದು ಅಟ್ಟಕ್ಕೆ ಅನ್ನೋದು ಗೊತ್ತಾಗುತ್ತೆ.

ಹಳೇ ಸೆಂಟ್ರಿಂಗ್ ಪ್ಲೈ ಅಗ್ಗಕ್ಕೆ ಸಿಗುತ್ತೆ. ಬೆರಳಲ್ಲಿ ತಟ್ಟಿ ನೋಡಿ, ಪೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಕುರಿ ಕೊಟ್ಟಿಗೆಯ ಅಡ್ಡಗೋಡೆಗೆ ತಗೊಳ್ಳಿ, ಅಟ್ಟಕ್ಕೆ ಬೇಡ. ಹೊಸದಾದ್ರೆ "ವಾಟರ್‌ಪ್ರೂಫ್ ಸಾರ್" ಅನ್ನೋ ಬಾಯಿಮಾತು ಸಾಲದು. ಶೀಟಿನ ಮೇಲೆ ಐಎಸ್‌ಐ ಗುರುತು, ಐಎಸ್ 710, ಸಿಎಂ/ಎಲ್ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ಯಾವ ಕಂಪನಿ, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತೆ. ದುಡ್ಡು ಕೊಡೋಕೆ ಮುಂಚೆ, ಅಂಗಡಿಯಲ್ಲಿ ನಿಂತೇ ನೋಡಿ.