ಕೊಲಂಬಿಯಾ ದುರಂತ ಮತ್ತು ಲೆವಿನ್‌ರ ಬದಲಾವಣೆ ಮಾದರಿ

1. ಮಾದರಿ: ಕರ್ಟ್ ಲೆವಿನ್ (1947). 3 ಹಂತ: ಕರಗಿಸು, ಬದಲಿಸು, ಮತ್ತೆ ಗಟ್ಟಿಗೊಳಿಸು.

2. ಘಟನೆ: 2003 ಫೆಬ್ರವರಿ 1, ನಾಸಾದ ಕೊಲಂಬಿಯಾ ನೌಕೆಯ ಎಸ್‌ಟಿಎಸ್-107 ಯಾನ, 7 ಗಗನಯಾತ್ರಿಗಳ ಸಾವು (ಕಲ್ಪನಾ ಚಾವ್ಲಾ ಸೇರಿ).

3. ತಾಂತ್ರಿಕ ಕಾರಣ: ಉಡಾವಣೆ ವೇಳೆ ಹೊರ ಇಂಧನ ಟ್ಯಾಂಕಿನ ಫೋಮ್ ತುಂಡು ಎಡ ರೆಕ್ಕೆಗೆ ಬಡಿದದ್ದು.

4. ತನಿಖೆ: ಹೆರಾಲ್ಡ್ ಗೆಹ್ಮನ್ ಮಂಡಳಿ, ವರದಿ 2003 ಆಗಸ್ಟ್. ಫೋಮ್‌ನಷ್ಟೇ ನಾಸಾದ ಸಾಂಸ್ಥಿಕ ಸಂಸ್ಕೃತಿಯೂ ಕಾರಣ.

5. ಅನ್ವಯ:
• ಕರಗಿಸು: 'ಫೋಮ್ ಉದುರುವುದು ಮಾಮೂಲು' ಎಂಬ ನಂಬಿಕೆಯನ್ನು ವರದಿ ಪ್ರಶ್ನಿಸಿತು.
• ಬದಲಿಸು: ಸ್ವತಂತ್ರ ಎಂಜಿನಿಯರಿಂಗ್ ಮತ್ತು ಸುರಕ್ಷತಾ ಕೇಂದ್ರ (2003), ಕಕ್ಷೆಯಲ್ಲೇ ಉಷ್ಣಕವಚದ ತಪಾಸಣೆ.
• ಗಟ್ಟಿಗೊಳಿಸು: 2005 ಜುಲೈನ ಎಸ್‌ಟಿಎಸ್-114ರಿಂದ ತಪಾಸಣೆ ರೂಢಿಯಾಯಿತು.

6. ಮುಖ್ಯಾಂಶ: 1986ರ ಚಾಲೆಂಜರ್ ನೌಕೆ ದುರಂತದ ನಂತರದ ಸುಧಾರಣೆಗಳು ಗಟ್ಟಿಗೊಳ್ಳಲಿಲ್ಲ, 3ನೇ ಹಂತ ಸಡಿಲವಾದರೆ ಹಳೆಯ ರೂಢಿ ಮರಳುತ್ತದೆ.

7. ಗೊಂದಲ ಬೇಡ:
• ಚಾಲೆಂಜರ್: 1986 ಜನವರಿ 28, ಏರುವಾಗ, ಓ-ರಿಂಗ್, ರೋಜರ್ಸ್ ಆಯೋಗ.
• ಕೊಲಂಬಿಯಾ: 2003, ಮರಳುವಾಗ, ಫೋಮ್, ಗೆಹ್ಮನ್ ಮಂಡಳಿ.
• ಲೆವಿನ್: 3 ಹಂತ, ಜಾನ್ ಕಾಟರ್: 8 ಹಂತ.

8. ಭಾರತದ ನಂಟು: ಇಸ್ರೋದ ಮೆಟ್‌ಸ್ಯಾಟ್-1 ಉಪಗ್ರಹಕ್ಕೆ (2002) ಚಾವ್ಲಾ ನೆನಪಿಗೆ 'ಕಲ್ಪನಾ-1' ಎಂದು ಮರುನಾಮಕರಣ (2003).