ಅರವತ್ತು ಸಾವಿರ ಅಡ್ವಾನ್ಸ್ ಬಿಟ್ಟು ಸಿಂಗಪುರಕ್ಕೆ

ಟೂರ್ ಪ್ಯಾಕೇಜಿಗೆ ಕಟ್ಟಿದ್ದ 60,000 ರೂಪಾಯಿ ಅಡ್ವಾನ್ಸನ್ನು ಬಿಟ್ಟುಕೊಟ್ಟು, 2024ರಲ್ಲಿ ನಾವು ನಾಲ್ವರು ನಮ್ಮ ಪಾಡಿಗೆ ಸಿಂಗಪುರಕ್ಕೆ ಹೋಗಿಬಂದೆವು. ಆ ತೀರ್ಮಾನ ನನ್ನದು. ಇವತ್ತು ಯಾರಾದರೂ ಸಲಹೆ ಕೇಳಿದರೂ ಅದನ್ನೇ ಹೇಳುತ್ತೇನೆ. ಮನೆಯಲ್ಲಿ ಮಾತ್ರ ಅಷ್ಟು ಸುಲಭಕ್ಕೆ ಯಾರೂ ಒಪ್ಪಲಿಲ್ಲ. "ರೀ, ಅರವತ್ತು ಸಾವಿರ ಅಂದ್ರೆ ಮಗನ ಒಂದು ಟರ್ಮ್ ಫೀಸು, ಸುಮ್ನೆ ಬಿಟ್ಬಿಡ್ತೀರಾ?" ಎಂದು ಹೆಂಡತಿ ಕೇಳಿದಳು. ಎಲ್ಲರ ಹೆಸರಲ್ಲೂ ಬುಕಿಂಗ್ ಮಾಡಿಸಿದ್ದ ಭಾವನವರಿಗೆ ನನ್ನ ಮೇಲೆ ಬೇಸರವಾಯಿತು.

ಅಡ್ವಾನ್ಸ್ ಕಟ್ಟಿದ ಮೇಲೆ ಕೈಗೆ ಬಂದ ದಿನವಾರು ಪಟ್ಟಿಯಿಂದ ಶುರುವಾದದ್ದು ಇದು. ಒಂದು ದಿನ ಬೆಳಿಗ್ಗೆ ನಗರ ಪ್ರದಕ್ಷಿಣೆ, ಮಧ್ಯಾಹ್ನ ಸೆಂಟೋಸಾ, ಕೇಬಲ್ ಕಾರ್, ರಾತ್ರಿ ಬೆಳಕಿನ ಪ್ರದರ್ಶನ, ಹೋಟೆಲ್ ಸೇರುವಾಗ ಹತ್ತು ಗಂಟೆ. ಮಾರನೆಯ ಬೆಳಿಗ್ಗೆ ಏಳೂವರೆಗೆ ಲಾಬಿಯಲ್ಲಿ ಸಿದ್ಧರಿರಬೇಕು, ಯೂನಿವರ್ಸಲ್ ಸ್ಟುಡಿಯೋಸ್. ನಮ್ಮ ಜೊತೆಗೆ ಬರುವವರು ಅಮ್ಮ. ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು. ಯೂನಿವರ್ಸಲ್‌ನಲ್ಲಿ ಅವರು ಇಡೀ ದಿನ ಮಾಡುವುದೇನು? ಆದರೆ ಅಲ್ಲಿನ ಟಿಕೆಟ್ ದುಡ್ಡು ಅವರ ಹೆಸರಲ್ಲೂ ಸೇರಿದೆ. ತೆಗೆಯಿರಿ ಎಂದರೆ, ಪ್ಯಾಕೇಜಿನಿಂದ ಒಂದನ್ನೇ ತೆಗೆಯಲು ಬರುವುದಿಲ್ಲ ಎಂಬ ಉತ್ತರ. ಚೈನಾಟೌನ್‌ಗೆ ಕೊಟ್ಟಿದ್ದದ್ದು ಒಂದು "ಫೋಟೋ ಸ್ಟಾಪ್".

ಆ ರಾತ್ರಿ ಕೂತು ಹಾಕಿದ ಲೆಕ್ಕ ಇಲ್ಲಿದೆ. ಸ್ವಲ್ಪ ಉದ್ದ, ಆದರೆ ದಯವಿಟ್ಟು ಪೂರ್ತಿ ಓದಿ.

ಪ್ಯಾಕೇಜ್ ತಲೆಗೆ 1,10,000 ರೂಪಾಯಿ, ಐದು ರಾತ್ರಿ. ನಾಲ್ವರಿಗೆ 4,40,000. ಮೇಲೆ ಶೇ 5 ಜಿಎಸ್‌ಟಿ, 22,000. ಅಲ್ಲಿಗೆ 4,62,000. ಅದರ ಮೇಲೆ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ), ಆಗಿನ ದರದಲ್ಲಿ ಏಳು ಲಕ್ಷದವರೆಗೆ ಮೊದಲ ರೂಪಾಯಿಯಿಂದಲೇ ಶೇ 5, ಅಂದರೆ 23,100. (ಆಮೇಲಿನ ಬಜೆಟ್ಟಿನಲ್ಲಿ ಇದು ಬದಲಾಗಿದೆ, ನೀವು ಬುಕ್ ಮಾಡುವ ದಿನದ ದರ ನೋಡಿಕೊಳ್ಳಿ.) ಟಿಸಿಎಸ್ ನಮ್ಮ ತೆರಿಗೆ ಲೆಕ್ಕದಲ್ಲಿ ಕೂರುತ್ತದೆ, ರಿಟರ್ನ್ಸ್ ಹಾಕುವಾಗ ವಜಾ ಆಗುತ್ತದೆ. ಹಾಗಾಗಿ ಅದನ್ನು ಖರ್ಚಿಗೆ ಹಿಡಿಯಲಿಲ್ಲ, ಆದರೆ ತಿಂಗಳುಗಟ್ಟಲೆ ಆ ದುಡ್ಡು ನಮ್ಮ ಕೈಯಲ್ಲಿರುವುದಿಲ್ಲ ಎಂಬುದು ನೆನಪಿರಲಿ. ಉಳಿದ 4,62,000ದಲ್ಲಿ ಕಟ್ಟಿಯಾಗಿದ್ದ 60,000 ಕಳೆದರೆ, ಇನ್ನು ಕಟ್ಟಬೇಕಿದ್ದದ್ದು 4,02,000. ಹೋದರೂ ಬಿಟ್ಟರೂ ಅಡ್ವಾನ್ಸ್ ವಾಪಸ್ ಬರುವುದಿಲ್ಲ. ಆದ್ದರಿಂದ ನನ್ನ ಮುಂದಿದ್ದ ಪ್ರಶ್ನೆ ಒಂದೇ: ನಾಲ್ಕು ಲಕ್ಷದ ಎರಡು ಸಾವಿರಕ್ಕಿಂತ ಕಡಿಮೆಯಲ್ಲಿ ನಾವೇ ಹೋಗಿಬರಲು ಆಗುತ್ತದೆಯೇ?

ಬೆಂಗಳೂರಿನಿಂದ ನೇರ ವಿಮಾನ, ನಾಲ್ಕೂವರೆ ಗಂಟೆಯ ಆಸುಪಾಸು. ಹೋಗಿಬರಲು ತಲೆಗೆ 27,000, ನಾಲ್ವರಿಗೆ 1,08,000. ವೀಸಾ ಅಧಿಕೃತ ಏಜೆಂಟರ ಮೂಲಕ, ಅವರ ಶುಲ್ಕವೂ ಸೇರಿ 14,000. ಅಮ್ಮನ ವಯಸ್ಸಿನಿಂದಾಗಿ ವಿಮೆ ತುಸು ಹೆಚ್ಚು, ಒಟ್ಟು 6,000. ಇಷ್ಟು ರೂಪಾಯಿ ಲೆಕ್ಕ. ಇನ್ನು ಡಾಲರ್ ಲೆಕ್ಕ. ಎರಡು ರೂಮು, ಒಂದಕ್ಕೆ ರಾತ್ರಿಗೆ 150 ಸಿಂಗಪುರ ಡಾಲರಿನಂತೆ ಐದು ರಾತ್ರಿಗೆ 1,500. ಊಟ ತಿಂಡಿಗೆ ತಲೆಗೆ ದಿನಕ್ಕೆ 35ರಂತೆ ಆರು ದಿನಕ್ಕೆ 840. ರೈಲು ಬಸ್ಸಿಗೆ ತಲೆಗೆ ದಿನಕ್ಕೆ 6ರಂತೆ 144, ಅಮ್ಮನಿಗೆ ಆಯಾಸವಾದಾಗ ಟ್ಯಾಕ್ಸಿಗೆ ಬೇರೆ 150. ಯಾರಿಗೆ ಏನು ಬೇಕೋ ಅದರ ಟಿಕೆಟ್ಟಿಗೆ 500. ಕೂಡಿಸಿದರೆ 3,134 ಡಾಲರ್. ಆಗಿನ 63 ರೂಪಾಯಿಯಂತೆ 1,97,442. ಎಲ್ಲವನ್ನೂ ಮಾಮೂಲಿ ಕ್ರೆಡಿಟ್ ಕಾರ್ಡಿನಲ್ಲೇ ಉಜ್ಜಿದರೂ ಶೇ 3.5 ಮಾರ್ಕಪ್, ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಶೇ 4.13; ಸುಮಾರು 8,150. ಎಲ್ಲ ಸೇರಿ 3,33,600ರ ಹತ್ತಿರ.

ಬಿಟ್ಟ 60,000 ಇದಕ್ಕೆ ಸೇರಿಸಿ. 3,93,600. ಪ್ಯಾಕೇಜಿನ 4,62,000ಕ್ಕಿಂತ ಇನ್ನೂ 68,000 ಕಡಿಮೆ. ವಿಮಾನ ಮತ್ತು ಹೋಟೆಲನ್ನು ಒಂದೇ ಕಡೆ ಕಟ್ಟು ಕಟ್ಟಿಸಿಕೊಳ್ಳದೆ ಬೇರೆ ಬೇರೆ ತೆಗೆದುಕೊಂಡಿದ್ದರಿಂದ ಟಿಸಿಎಸ್ ಗೊಡವೆಯೂ ಇಲ್ಲ. ಹೆಂಡತಿ ಕ್ಯಾಲ್ಕುಲೇಟರ್ ತೆಗೆದುಕೊಂಡು ಮತ್ತೆ ಕೂಡಿಸಿ ನೋಡಿದಳು. ಆಮೇಲೆ ಫೀಸಿನ ಮಾತು ಬರಲಿಲ್ಲ.

ಊಟಕ್ಕೆ ದಿನಕ್ಕೆ 35 ಡಾಲರ್ ಸಾಲುತ್ತದೆಯೇ ಎಂದು ಭಾವನವರು ಕೇಳಿದ್ದರು. ಎಲ್ಲಿ ತಿನ್ನುತ್ತೀರಿ ಎಂಬುದರ ಮೇಲೆ ನಿಂತಿದೆ. ಸಿಂಗಪುರದ ರೆಸ್ಟೋರೆಂಟುಗಳ ಮೆನುವಿನಲ್ಲಿ ದರದ ಪಕ್ಕ ಎರಡು ಪ್ಲಸ್ ಗುರುತು ಕಂಡರೆ, ಶೇ 10 ಸರ್ವಿಸ್ ಚಾರ್ಜು, ಅದೂ ಸೇರಿದ ಮೊತ್ತದ ಮೇಲೆ ಶೇ 9 ಜಿಎಸ್‌ಟಿ (2024ರ ಜನವರಿಯಿಂದ ಈ ದರ). 30 ಡಾಲರಿನ ತಟ್ಟೆಗೆ ಬಿಲ್ಲು 35.97. ಹಾಕರ್ ಸೆಂಟರುಗಳಲ್ಲಿ ಸರ್ವಿಸ್ ಚಾರ್ಜಿನ ಮಾತೇ ಇಲ್ಲ, ಬೋರ್ಡಿನಲ್ಲಿ ಬರೆದಷ್ಟು ಕೊಟ್ಟರಾಯಿತು. ಬೀದಿ ಬದಿಯ ಗಾಡಿಯವರನ್ನು ಸರ್ಕಾರವೇ ಸೂರಿನಡಿ ತಂದು ಕಟ್ಟಿದ ಈ ಊಟದ ಕಟ್ಟೆಗಳ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿಗೆ ಬೆಳಿಗ್ಗೆಯೇ ಹೋಗಿ. ಒಂದು ಬದಿಗೆ ಮೀನು, ಮಾಂಸ, ಸೊಪ್ಪಿನ ಮಾರುಕಟ್ಟೆ, ಇನ್ನೊಂದು ಬದಿಗೆ ಸಾಲು ಅಂಗಡಿ: ದೋಸೆ, ಬಿರಿಯಾನಿ, ಚೀನೀ ನೂಡಲ್ಸ್, ಮಲಯ್ ಅನ್ನ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟಿದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಎಂದರ್ಥ, ಯಾರೂ ಕದಲಿಸುವುದಿಲ್ಲ. ತಿಂದ ತಟ್ಟೆಯನ್ನು ನಾವೇ ತೆಗೆದಿಡಬೇಕು, 2021ರಿಂದ ಅದು ಕಡ್ಡಾಯ. ಅಮ್ಮ ತಟ್ಟೆ ಹಿಡಿದು ಸ್ಟ್ಯಾಂಡಿನ ಮುಂದೆ ನಿಂತರು. ಹಲಾಲ್ ತಟ್ಟೆಗಳಿಗೆ ಒಂದು, ಉಳಿದದ್ದಕ್ಕೆ ಇನ್ನೊಂದು, ಎರಡೂ ಅಕ್ಕಪಕ್ಕ. ಪಕ್ಕದಲ್ಲಿದ್ದ ಮಲಯ್ ಹೆಂಗಸು ಅಮ್ಮನ ತಟ್ಟೆಯಲ್ಲಿದ್ದದ್ದನ್ನು ನೋಡಿ, ಯಾವುದರಲ್ಲಿ ಇಡಬೇಕೆಂದು ಕೈಯಲ್ಲೇ ತೋರಿಸಿದರು. "ಎಲ್ರೂ ಒಂದೇ ಕಡೆ ಉಣ್ತಾರೆ, ಯಾರ ಮಡಿಗೂ ತೊಂದ್ರೆ ಇಲ್ಲ ನೋಡು" ಎಂದರು ಅಮ್ಮ. ಚೀನೀಯರು, ಮಲಯರು, ತಮಿಳರು ಒಟ್ಟಿಗೆ ಬಾಳುವ ನಗರ, ನಾಲ್ಕು ಅಧಿಕೃತ ಭಾಷೆ ಎಂದೆಲ್ಲ ಪುಸ್ತಕದಲ್ಲಿ ಓದಿದ್ದು ಅಲ್ಲಿ ನಮಗೆ ಕಣ್ಣಾರೆ ಕಂಡಿತು. ರಾತ್ರಿ ಊಟಕ್ಕೆಲ್ಲ ಬಸ್ಸಿನಲ್ಲಿ ಕೂರಿಸಿ ಒಂದೇ ಉತ್ತರ ಭಾರತೀಯ ಹೋಟೆಲಿಗೆ ಇಳಿಸುವ ಪ್ಯಾಕೇಜಿನಲ್ಲಿ ಇದು ಸಿಗುವುದಿಲ್ಲ. ಸಸ್ಯಾಹಾರಿಗಳು ಹೆದರಬೇಕಿಲ್ಲ: ಸೆರಂಗೂನ್ ರಸ್ತೆಯಲ್ಲಿ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ 2013ರಿಂದ ಇದೆ.

ಹೋಟೆಲ್ ಆಯ್ಕೆಯ ಬಗ್ಗೆ ಒಂದೇ ಮಾತು. ನಾವು ಹಿಡಿದದ್ದು ಫ್ಯಾರರ್ ಪಾರ್ಕ್ ಸ್ಟೇಷನ್ ಹತ್ತಿರ, ನೇರಳೆ ಬಣ್ಣದ ರೈಲು ಮಾರ್ಗದಲ್ಲಿ. ಲಿಟಲ್ ಇಂಡಿಯಾ, ಚೈನಾಟೌನ್, ಸೆಂಟೋಸಾಕ್ಕೆ ಹೋಗುವ ಹಾರ್ಬರ್‌ಫ್ರಂಟ್ ಎಲ್ಲವೂ ಅದೇ ಮಾರ್ಗ, ರೈಲು ಬದಲಿಸಬೇಕಿಲ್ಲ. ಸ್ಟೇಷನ್ನುಗಳಲ್ಲೆಲ್ಲ ಲಿಫ್ಟ್ ಇದೆ. ನಮ್ಮ ಕಾರ್ಡನ್ನೇ ಗೇಟಿಗೆ ತೋರಿಸಿದರೂ ರೈಲು ಹತ್ತಬಹುದು, ಆದರೆ ತಲೆಗೊಂದು ಕಾರ್ಡ್ ಬೇಕು, ವಿದೇಶಿ ಕಾರ್ಡಿಗೆ ದಿನಕ್ಕೆ 60 ಸೆಂಟ್ ಶುಲ್ಕವೂ ಬೀಳುತ್ತದೆ.

ಚೈನಾಟೌನ್‌ಗೆ ನಾವು ಒಂದು ಇಡೀ ಬೆಳಗನ್ನು ಕೊಟ್ಟೆವು. ಸೌತ್ ಬ್ರಿಡ್ಜ್ ರಸ್ತೆಯಲ್ಲಿ 1827ರ ಶ್ರೀ ಮಾರಿಯಮ್ಮನ್ ದೇವಸ್ಥಾನ. ಕೂಗಳತೆಯಲ್ಲಿ ತಮಿಳು ಮುಸ್ಲಿಮರು ಕಟ್ಟಿದ ಜಾಮಿಯಾ ಮಸೀದಿ. ಅದೇ ರಸ್ತೆಯಲ್ಲಿ ಬುದ್ಧನ ದಂತಮಂದಿರ. ಮೂರಕ್ಕೂ ಟಿಕೆಟ್ ಇಲ್ಲ. ಯುನೆಸ್ಕೋ ಮಾನ್ಯತೆ ಪಡೆದ ಬೊಟಾನಿಕ್ ಗಾರ್ಡನ್ಸ್‌ಗೂ ಟಿಕೆಟ್ ಇಲ್ಲ, ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಇದೆ. ಗಾರ್ಡನ್ಸ್ ಬೈ ದ ಬೇಯ ಸೂಪರ್‌ಟ್ರೀಗಳ ಕೆಳಗೆ ರಾತ್ರಿ 7.45ಕ್ಕೂ 8.45ಕ್ಕೂ ನಡೆಯುವ ಬೆಳಕು ಸಂಗೀತವೂ ಉಚಿತ. ಪ್ಯಾಕೇಜಿನ ಪಟ್ಟಿಗಳಲ್ಲಿ ಇವುಗಳಲ್ಲಿ ಕೆಲವನ್ನು "ಸೇರ್ಪಡೆ" ಎಂದು ಬರೆದಿರುತ್ತಾರೆ. ಉಚಿತವಾದದ್ದನ್ನು ಸೇರ್ಪಡೆ ಎಂದು ಬರೆಯುವುದು ಸರಿಯಲ್ಲ.

ಇನ್ನು ಪ್ಯಾಕೇಜ್ ಮಾರಿದ ಏಜೆನ್ಸಿಯವರು ನಮಗೆ ಒತ್ತಾಯ ಮಾಡಿದ "ನೋ ಕಾಸ್ಟ್ ಇಎಂಐ". ಇದನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಬಡ್ಡಿ ಇಲ್ಲದ ಸಾಲ ಯಾವ ಸಂಸ್ಥೆಯೂ ಕೊಡುವುದಿಲ್ಲ. ಬಡ್ಡಿಯನ್ನು ಪ್ಯಾಕೇಜಿನ ಬೆಲೆಯೊಳಗೆ ತುಂಬಿರುತ್ತಾರೆ, ಇಲ್ಲವೇ ನಗದು ಕೊಡುವವರಿಗೆ ಸಿಗುವ ರಿಯಾಯಿತಿಯನ್ನು ನಿಮಗೆ ಕೊಡುವುದಿಲ್ಲ. ಪ್ರೊಸೆಸಿಂಗ್ ಶುಲ್ಕ ಬೇರೆ, ಅದಕ್ಕೆ ಜಿಎಸ್‌ಟಿ ಬೇರೆ. ಅದು ಬೇಡವೆಂದರೆ "ಬರೀ 12 ಪರ್ಸೆಂಟ್ ಫ್ಲಾಟ್" ಎಂದು ಇನ್ನೊಂದು ಸಾಲ ತೋರಿಸುತ್ತಾರೆ. ಮೂರು ಲಕ್ಷಕ್ಕೆ ಹನ್ನೆರಡು ಕಂತು, ಕಂತಿಗೆ 28,000. ಅಸಲು ತಿಂಗಳು ತಿಂಗಳು ಕರಗುವುದನ್ನು ಹಿಡಿದರೆ ಆ ಶೇ 12 ನಿಜದಲ್ಲಿ ಶೇ 21ರ ಮೇಲೆ. ಪ್ರವಾಸ ರದ್ದಾದರೆ ರೀಫಂಡ್ ಬರುವವರೆಗೂ ಕಂತು ನಿಲ್ಲುವುದಿಲ್ಲ. ಆರು ದಿನದ ಸುತ್ತಾಟಕ್ಕೆ ಒಂದು ವರ್ಷದ ಸಾಲ ಬೇಡ. ಅದೇ ಕಂತನ್ನು ಹೋಗುವ ಮುಂಚೆ ಆರ್‌ಡಿಗೆ ಕಟ್ಟಿ, ತುಂಬಿದ ಮೇಲೆ ಹೊರಡಿ. ಒಂದು ವರ್ಷ ಕಾಯಲು ನಮಗೆ ಇಷ್ಟು ಕಷ್ಟವಾಗುತ್ತಿರುವುದೇಕೆ ಎಂದು ನನಗೆ ನಿಜವಾಗಿಯೂ ಚಿಂತೆಯಾಗುತ್ತದೆ. ಪಕ್ಕದ ಮನೆಯವರ ಸ್ಟೇಟಸ್ಸಿನಲ್ಲಿ ಸಿಂಗಪುರದ ಮರ್ಲಯನ್ ಪ್ರತಿಮೆ ಕಂಡ ಕೂಡಲೇ ನಮ್ಮ ಮನೆಯಲ್ಲೂ ಹೊರಡುವ ಮಾತು ಶುರುವಾಗುತ್ತದೆ.

ಅಲ್ಲಿಗೆ ಹೋದ ಮೇಲಿನ ನಡವಳಿಕೆಯೂ ಹೀಗೆಯೇ. ಕಾಫಿಯ ಒಂದೂವರೆ ಡಾಲರನ್ನು ರೂಪಾಯಿಗೆ ಗುಣಿಸಿ ಕುಡಿಯದೆ ಬರುತ್ತೇವೆ, ಕೊನೆಯ ಸಂಜೆ ಊರಿನ ಎಲ್ಲರಿಗೂ ಚಾಕೊಲೇಟು, ಸೆಂಟು ಎಂದು ನೂರಾರು ಡಾಲರ್ ಸುರಿಯುತ್ತೇವೆ. ದಿನಕ್ಕಿಷ್ಟು ಎಂದು ಬೆಳಿಗ್ಗೆಯೇ ಡಾಲರಿನಲ್ಲಿ ಗೊತ್ತುಮಾಡಿಕೊಂಡು, ಸಂಜೆಯವರೆಗೆ ಗುಣಾಕಾರ ಬಿಟ್ಟುಬಿಡಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಒಯ್ಯಿರಿ. ಕಾರ್ಡ್ ಯಂತ್ರ ರೂಪಾಯಿಯೋ ಡಾಲರೋ ಎಂದು ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ದರ ಆ ಯಂತ್ರದವರು ಹೇಳಿದ್ದು.

ದಿನಾಂಕ ಗೊತ್ತುಮಾಡುವಾಗ ಎರಡನ್ನು ತಪ್ಪಿಸಿ: ಫಾರ್ಮುಲಾ ಒನ್ ರಾತ್ರಿ ರೇಸಿನ ವಾರ ಹೋಟೆಲ್ ದರ ಕೈಗೆ ಸಿಗುವುದಿಲ್ಲ, ಚೀನೀ ಹೊಸ ವರ್ಷದ ದಿನಗಳಲ್ಲಿ ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುತ್ತವೆ. ದೀಪಾವಳಿಗೆ ಸೆರಂಗೂನ್ ರಸ್ತೆಗೆ ಮಾಡುವ ದೀಪಾಲಂಕಾರ ನೋಡುವಂಥದ್ದು. ಹೊರಡುವ ಮುನ್ನ ಮೂರು ದಿನದೊಳಗೆ ತುಂಬಬೇಕಾದ ಎಸ್‌ಜಿ ಅರೈವಲ್ ಕಾರ್ಡ್ ಅಲ್ಲಿನ ವಲಸೆ ಇಲಾಖೆಯ ಸೈಟಿನಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವ ಸೈಟುಗಳಿವೆ, ಕೊಡಬೇಡಿ.

ಎಲ್ಲವನ್ನೂ ತಾವೇ ಹುಡುಕಿ ಕೂರುವಷ್ಟು ವೇಳೆ ಇಲ್ಲದವರೂ ಇದ್ದಾರೆ, ಅವರು ಪ್ಯಾಕೇಜ್ ತೆಗೆದುಕೊಳ್ಳಲಿ. ಆದರೆ ವಿಮಾನ, ಹೋಟೆಲ್, ವೀಸಾ, ಟಿಕೆಟ್ ಪ್ರತಿಯೊಂದಕ್ಕೂ ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಲಿ, ಎಷ್ಟು ದಿನ ಮೊದಲು ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನೂ ಅಡ್ವಾನ್ಸ್ ಕೊಡುವ ಮುಂಚೆ ಕಾಗದದಲ್ಲಿ ನೋಡಲಿ. ಭಾವನವರು ಈ ಸಲ ಪೆನಾಂಗ್‌ಗೆ ಹಾಗೆ ಬರೆಸಿಕೊಂಡರು. ಬಂದ ಪಟ್ಟಿ ನೋಡಿ ವಿಮಾನದ ಟಿಕೆಟ್ ತಾವೇ ತೆಗೆದುಕೊಂಡು, ಹೋಟೆಲ್ ಮತ್ತು ವ್ಯಾನು ಮಾತ್ರ ಏಜೆಂಟರಿಗೆ ಬಿಟ್ಟಿದ್ದಾರೆ.